ನಡುಗೋಡೆಗೆ ನಿಂತ ಪತ್ರಾ

ಮೊನ್ನೆ ನಾಲ್ಕು ದಿನದ ಜಿಟಿಜಿಟಿ ಮಳೆ ಬಿಟ್ಟು ನಮ್ಮ ಟಿಳಕವಾಡಿಯ ಓಣಿಯಲ್ಲಿ ಒಂದಿಷ್ಟು ಬಿಸಿಲು ಬಿತ್ತು. ಎದುರುಮನೆಯವರು ತೊಯ್ದ ಗಾದಿಯೊಂದನ್ನು ಇಬ್ಬರು ಹಿಡಿದು ತಂದು ಕಂಪೌಂಡಿನ ಮೇಲೆ ಒಣಗಲು ಹಾಕಿದರು. ನಾನು ಕಿಟಕಿಯ ಹತ್ತಿರ ಕೂತು ಮೆಂತ್ಯೆ ಪಲ್ಯೆ ಎಲೆ ಬಿಡಿಸಿ ಸೋಸುತ್ತಿದ್ದೆ. ಗಾಳಿ ಈ ಕಡೆ ತಿರುಗಿತು, ವಾಸನೆ ಬಂತು. ತೊಯ್ದ ಅರಳೆಯ ವಾಸನೆ ಹಸಿ ಬಟ್ಟೆಯ ವಾಸನೆಯಂತಲ್ಲ. ಒಮ್ಮೆ ಮೂಗಿಗೆ ಬಡಿದರೆ ಗಂಟಲಿಗೆ ಇಳಿದು ಕೂತುಬಿಡುತ್ತದೆ. ಎದ್ದು ಕಿಟಕಿ ಮುಚ್ಚಿದೆ.

"ಯಾಕ ಮುಚ್ಚಿದಿ? ಈಗರೆ ಬಿಸಲ ಬಿದ್ದೈತಿ," ಎಂದರು ಯಜಮಾನರು.

"ನೊಣ ಬರ್ತಾವ," ಎಂದೆ. ನೊಣ ಒಂದೂ ಇರಲಿಲ್ಲ. ನನಗೆ ನೆನಪಾದದ್ದು ಖಾನಾಪುರದ ಆ ಒಂದು ಮಳೆಗಾಲ, ಹಸನಸಾಬ ಚಾಚಾ, ಮತ್ತು ನಾನು ಆರಿಸಿ ಹಾಕಿಸಿದ ಛಾವಣಿ. ಆರು ವರ್ಷವಾಯಿತು. ಇದನ್ನು ಯಜಮಾನರಿಗೂ ಪೂರ್ತಿ ಹೇಳಿಲ್ಲ.

ಖಾನಾಪುರದ ಪೇಟೆಯಲ್ಲಿ ನನ್ನದೊಂದು ನೋಟಬುಕ್ಕಿನ ಅಂಗಡಿ. ಅಪ್ಪನಿಂದ ಬಂದದ್ದು. ಮದುವೆಯಾಗಿ ಬೆಳಗಾವಿಗೆ ಬಂದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಬಸ್ಸು ಹತ್ತಿ ಬರುವುದು. ಒಟ್ಟು ನಾಲ್ಕು ಅಂಗಡಿಗಳ ಸಾಲು ಅದು, ನಾಲ್ಕಕ್ಕೂ ಸೇರಿ ಒಂದೇ ಹಂಚಿನ ಛಾವಣಿ. ಪಶ್ಚಿಮದ ತುದಿಯದು ನನ್ನದು. ಅದಕ್ಕೆ ಹೊಂದಿಕೊಂಡದ್ದು ಹಸನಸಾಬ ಚಾಚಾನ ಗಾದಿ ಅಂಗಡಿ. ಆಚೆಯ ಎರಡರ ಮಾಲೀಕರು ಬೇರೆ ಊರಲ್ಲಿದ್ದು ಬಾಡಿಗೆಗೆ ಕೊಟ್ಟಿದ್ದರು. ಖಾನಾಪುರಕ್ಕೆ ಮಳೆ ಬರುವುದು ಗೋವಾದ ಘಟ್ಟದ ಕಡೆಯಿಂದ. ಅಂದರೆ ಮೊದಲು ನನ್ನ ತಲೆ, ಆಮೇಲೆ ಚಾಚಾನ ತಲೆ.

ಚಾಚಾನ ಮನೆತನದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವುದು ಅವರಜ್ಜನ ಕಾಲದಿಂದ ಬಂದ ಕಸುಬು. ಅಂಗಡಿಯ ಹಿಂಭಾಗದಲ್ಲಿ ಹಿಂಜುವ ಮಷೀನು, ಮುಂಭಾಗದಲ್ಲಿ ನೆಲದ ಮೇಲೆ ಗಾದಿ ಹಾಸಿಕೊಂಡು ಚಾಚಾ ಒಂದು ಕಡೆಯಿಂದ, ಚಾಚಿ ಇನ್ನೊಂದು ಕಡೆಯಿಂದ ದಬ್ಬಣ ಹಿಡಿದು ಹೊಲಿಯುತ್ತ ಬರುವರು. ನಡುವೆ ಬಂದು ಭೇಟಿಯಾದಾಗ ಇಬ್ಬರೂ ಒಟ್ಟಿಗೆ ಚಹಾ ಕುಡಿಯುವರು. ಮನೆಯಲ್ಲಿ ಅವರದು ದಖ್ಖನಿ ಮಾತು, ಪೇಟೆಯಲ್ಲಿ ಮರಾಠಿ, ನನ್ನ ಕೂಡ ಕನ್ನಡ. ನನ್ನನ್ನು ತಂಗಿ ಎಂದು ಕರೆಯುವರು, ಆದರೆ ಬಹುವಚನ ಬಿಡುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಜೂನಿನಲ್ಲಿ ಹಿಡಿಯುವ ಮಿರಗದ ಮಳೆಗೆ ಮೊದಲು, ಪರಶುರಾಮ ಬಂದು ಹಂಚು ಕೈಯಾಡಿಸುತ್ತಿದ್ದ. ಖಾನಾಪುರದವನೇ, ಮನೆಮಾತು ಮರಾಠಿ, ನನ್ನ ವಾರಗೆಯವನು. ಹಂಚು ಒಂದೊಂದಾಗಿ ತೆಗೆಯುವುದು, ಪಾಚಿ ಉಜ್ಜುವುದು, ಒಡೆದದ್ದು ಬದಲಿಸಿ ಮತ್ತೆ ಕೂಡಿಸುವುದು. ಈ ತುದಿಯಲ್ಲಿ ಹತ್ತಿದರೆ ಆ ತುದಿಯಲ್ಲಿ ಇಳಿಯುತ್ತಿದ್ದ. ಕೆಳಗೆ ಯಾರ ಅಂಗಡಿ ಎಲ್ಲಿ ಮುಗಿಯಿತು ಎಂಬುದು ಅವನಿಗೆ ಬೇಕಿರಲಿಲ್ಲ. ಆ ದಿನ ನಾಲ್ಕೂ ಅಂಗಡಿ ಬಂದ್. ನಾನು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯೆ ಒಯ್ಯುವೆ, ಚಾಚಿ ಶಾವಿಗೆ ಖೀರು ತರುವರು. ಕಟ್ಟೆಯ ಮೇಲೆ ಕೂತು ಉಂಡು, ಮೇಲಿಂದ ಉದುರುವ ಪಾಚಿಯ ಪುಡಿ ತಾಟಿಗೆ ಬಿದ್ದರೆ ಪರಶುರಾಮನನ್ನು ಬೈಯುವೆವು.

ನಮ್ಮ ಸಾಲಿಗೆ ಇನ್ನೊಂದು ಕಟ್ಟಳೆಯೂ ಇತ್ತು. ಅಪ್ಪನ ಕಾಲದಲ್ಲಿ, ಬಿಸಿಲಿಗೆಂದು ಹಾಕಿದ ಒಂದು ತಗಡು ಇನ್ನೊಬ್ಬರ ಅಂಗಡಿಯ ಮುಂದೆ ಚಾಚಿತು ಎಂದು ದೊಡ್ಡ ಜಗಳವಾಗಿ, ಕೈ ಕೈ ಹತ್ತಿ, ಪೇಟೆಯ ಹಿರಿಯರು ಕೂತು ಬಾಂಡ್ ಪೇಪರಿನ ಮೇಲೆ ಬರೆಸಿದ್ದರು: ಯಾರದೇ ಸಾಮಾನು ನಡುಗೋಡೆಯ ಮಧ್ಯ ದಾಟಿ ಹೋಗಬಾರದು. ಅಪ್ಪ ಅದನ್ನು ನನಗೆ ಮಗ್ಗಿ ಕಲಿಸಿದ ಹಾಗೆ ಕಲಿಸಿದ. "ಗೋಡಿ ನಡುವ ತನಕ ನಮ್ದು. ಮುಂದ ಒಂದ ಬೆರಳ ಇಟ್ಟರೂ ಅದು ಕಳುವು, ಗಿರಿಜಾ." ನಾನು ಅಪ್ಪನ ಮಗಳು. ಬಾಕಿ ಯಾವುದರಲ್ಲಿ ತಪ್ಪಿದರೂ ಇದರಲ್ಲಿ ತಪ್ಪಿದವಳಲ್ಲ ಎಂದು ನನಗೆ ದೊಡ್ಡಸ್ತಿಕೆ ಇತ್ತು.

ಆ ವರ್ಷ ಬೇಸಿಗೆಯಲ್ಲಿ ಪರಶುರಾಮ ನನ್ನ ಭಾಗದ ಹಂಚು ತೆಗೆದು ನೋಡಿ ತಲೆ ಅಲ್ಲಾಡಿಸಿದ. ಎರಡು ತೊಲೆ ಗೆದ್ದಲು ತಿಂದು ಪೊಳ್ಳಾಗಿದ್ದವು. ಹಂಚು ಮಾಡಿದ ಕಾರ್ಖಾನೆ ಯಾವಾಗಲೋ ಮುಚ್ಚಿತ್ತು, ಬೇರೆ ಅಚ್ಚಿನ ಹಂಚು ತಂದು ಕೂಡಿಸಿದರೆ ಒಂದರ ಅಂಚು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲೇ ಹನಿ ಬಿದ್ದು ನನ್ನ ಒಂದು ಕಟ್ಟು ಡ್ರಾಯಿಂಗ್ ಹಾಳೆ ಹಪ್ಪಳದ ಹಾಗೆ ಉಬ್ಬಿದ್ದವು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಸಾಕ್ರಿ ಈ ಹಂಚಿನ ಸಹವಾಸ," ಎಂದೆ.

ಸ್ಲ್ಯಾಬ್ ಹಾಕಿಸೋಣವೆಂದರೆ ಹಳೆಯ ಮಣ್ಣುಗೋಡೆಗಳು ಅಷ್ಟು ಭಾರ ತಡೆಯುವುದಿಲ್ಲ ಎಂದರು. ಸಿಮೆಂಟಿನ ಶೀಟು ಮಂಗ ಹಾರಿದರೂ ಬಿರುಕು ಬಿಡುತ್ತದೆ ಎಂದರು. ಕೊನೆಗೆ ಕಬ್ಬಿಣದ ಪೈಪಿನ ಮೇಲೆ ಬಣ್ಣದ ಪತ್ರಾ, ಅಂದರೆ ತಗಡಿನ ಶೀಟು, ಎಂದು ಗಟ್ಟಿ ಮಾಡಿದೆ. ಬೆಳಗಾವಿಯ ಉದ್ಯಮಬಾಗದ ಕಡೆ ಶೆಡ್ ಕಟ್ಟುವವನೊಬ್ಬನ ಹತ್ತಿರ ಹೋಗಿ, ತುಂಡು ತುಂಡು ಪತ್ರಾ ಬೆರಳಲ್ಲಿ ಬಡಿದು ನೋಡಿ, ದಪ್ಪನೆಯದನ್ನೇ ಆರಿಸಿದೆ. ಹಂಚಿನ ಸಾಲಿನಲ್ಲಿ ಎದ್ದು ಕಾಣಬಾರದೆಂದು ಇಟ್ಟಂಗಿ ಬಣ್ಣ ಹೇಳಿದೆ. ಸೀರೆ ಆರಿಸುವಾಗಲೂ ನಾನು ಅಷ್ಟು ಹೊತ್ತು ತೆಗೆದುಕೊಂಡವಳಲ್ಲ.

ಚಾಚಾನಿಗೂ ಕೇಳಿದೆ, ಕೂಡಿಯೇ ಮಾಡಿಸೋಣವೇ ಎಂದು. ಅವರ ಮುಖದಲ್ಲಿ ಬೇರೆಯದೇ ಸಂಭ್ರಮವಿತ್ತು. "ಈ ವರ್ಷ ಬ್ಯಾಡ ತಂಗಿ. ಬೀಡಿ ಊರಿನ ಕಡಿ ಒಂದು ಸಾಲಿ ಹಾಸ್ಟೆಲ್ಲಿನವರು ನಲವತ್ತ ಗಾದಿ ಹೇಳ್ಯಾರ. ನಲವತ್ತ! ಅದೊಂದು ಮುಗದ ಹೋಗ್ಲಿ. ಅವರಿಗೆ ಮನಸಿಗೆ ಬಂದ್ರ ಮುಂದಿನ ವರ್ಷ ಇನ್ನೊಂದ ಸಾಲೀದೂ ಕೊಡಸ್ತಾರಂತ."

ಫೋಮಿನ ಗಾದಿಗಳು ಬಂದ ಮೇಲೆ ಅವರ ಅಂಗಡಿಗೆ ಹಳೆ ಗಾದಿ ಬಿಚ್ಚಿ ಹಿಂಜಿಸುವವರು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಈ ನಲವತ್ತು ಗಾದಿ ಸರಿಯಾಗಿ ಹೋದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುವುದೇ ಎಂದು ಚಾಚಿ ನನ್ನೆದುರೇ ಎರಡು ಸಲ ಹೇಳಿದ್ದರು. ಏಪ್ರಿಲ್, ಮೇ ಬಿಸಿಲಲ್ಲಿ ಇಬ್ಬರೂ ಅರಳೆ ಒಣಗಿಸಿ, ಹಿಂಜಿ, ತುಂಬಿ, ಹೊಲಿದರು. ಮುಗಿದ ಗಾದಿಗಳನ್ನು ಹಲಗೆಯ ಮೇಲೆ ಒಟ್ಟುತ್ತ ಬಂದರು, ನಮ್ಮಿಬ್ಬರ ನಡುಗೋಡೆಗೆ ಒತ್ತಿ. ಅವರಲ್ಲಿ ಖಾಲಿಯಿದ್ದ ಗೋಡೆ ಅದೊಂದೇ. ಹಾಸ್ಟೆಲ್ಲಿನ ಕಟ್ಟಡ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಜುಲೈಯಲ್ಲಿ ಒಯ್ಯುತ್ತೇವೆ ಎಂದಿದ್ದರು.

ಮೇ ಕೊನೆಗೆ ನನ್ನ ಕೆಲಸ ಶುರುವಾಯಿತು. ನನ್ನ ಭಾಗದ ಹಂಚು ಇಳಿಸಲು ಪರಶುರಾಮನೇ ಬಂದಿದ್ದ. ತನ್ನ ಕೈಯಿಂದ ಅಷ್ಟು ವರ್ಷ ನೋಡಿಕೊಂಡದ್ದನ್ನು ಇಳಿಸುವಾಗಲೂ ಒಂದು ಹಂಚು ಒಡೆಯಲಿಲ್ಲ. ಪತ್ರಾದವರು ಬಂದು ಅಳತೆ ಹಿಡಿಯುವಾಗ ಮೇಲಿಂದಲೇ ನನ್ನನ್ನು ಕರೆದ.

"ಗಿರಿಜಕ್ಕಾ, ಇಲ್ಲಿ ನೋಡ್ರಿ. ಒಂದು ಹಂಚಿನ ಅಂಚಿನ ಮ್ಯಾಲ ಬಾಜೂದ್ದು ಕುಂದರತೈತಿ. ನಿಮ್ಮದು ತಗದ ಮ್ಯಾಲ ಚಾಚಾನ ಮೊದಲನೇ ಹಂಚಿನ ಅಂಚು ಬೋಳ ಆತು. ಗಾಳಿ ಬರೂದು ಈ ಕಡಿಂದನ. ಪತ್ರಾನ ಎರಡು ಹಂಚಿನಷ್ಟು ದಾಟಸಿ ಅವರ ಮ್ಯಾಲ ಹೊದಸ್ರಿ. ಖರೇ ಹೇಳತೇನಿ, ಒಂದ ಹನಿ ಒಳಗ ಬರಂಗಿಲ್ಲ."

"ಎರಡು ಹಂಚ ಅಂದ್ರ ಚಾಚಾನ ಕಡಿ ಹೋದಂಗ ಆತಲ್ಲ ಪರಶುರಾಮ? ಗೋಡಿ ನಡುವಕ ನಿಲ್ಲಸ್ರಿ."

"ಗೋಡಿ ಕೆಳಗ ಐತಿ ಅಕ್ಕಾ. ಮ್ಯಾಲ ಎಲ್ಲೈತಿ ಗೋಡಿ?"

ನನಗೆ ಆ ಮಾತು ಅಧಿಕಪ್ರಸಂಗ ಎನಿಸಿತು. ಪತ್ರಾದವನು ನನ್ನ ಮುಖ ನೋಡಿ, "ಮೇಡಂ, ನಡುವ ಸಿಮೆಂಟಿನ ಪಟ್ಟಿ ಹೊಡದ ಬಿಡ್ತೇವಿ, ಏನೂ ಆಗೂದಿಲ್ಲ," ಎಂದ. ನನಗೆ ಬೇಕಾದದ್ದೂ ಅದೇ ಮಾತು. ಕೆಳಗೆ ಚಾಚಾ ದಬ್ಬಣ ಹಿಡಿದುಕೊಂಡೇ ಹೊರಗೆ ಬಂದು ಮೇಲೆ ನೋಡಿದರು.

"ಏನರ ಬೇಕಾಗೇತೇನ ತಂಗಿ?"

"ಏನಿಲ್ಲ ಚಾಚಾ. ನಿಮ್ಮ ಕಡಿ ನಂದು ಒಂದ ಬೆರಳೂ ಬರಂಗಿಲ್ಲ, ಕಾಳಜಿ ಮಾಡಬ್ಯಾಡ್ರಿ."

"ಬಂದ್ರ ಏನಾತು?" ಎಂದು ನಕ್ಕು ಒಳಗೆ ಹೋದರು.

ಪತ್ರಾ ಗೋಡೆಯ ಸರಿನಡುವೆ ನಿಂತಿತು. ನಾನು ಏಣಿ ಹತ್ತಿ ಟೇಪು ಹಿಡಿದು ನೋಡಿದೆ, ದಾರ ಹಿಡಿದಷ್ಟು ನೆಟ್ಟಗೆ. ಪತ್ರಾಕ್ಕೂ ಹಂಚಿಗೂ ನಡುವಿನ ಎರಡು ಬೆರಳು ಜಾಗಕ್ಕೆ ಸಿಮೆಂಟು ತುಂಬಿದರು. ಅಪ್ಪ ಇದ್ದಿದ್ದರೆ ಭೇಷ್ ಅನ್ನುತ್ತಿದ್ದ ಎಂದುಕೊಂಡೆ. ಅದಾದ ಮೇಲೆ ಒಂದು ವಾರ ಖಾನಾಪುರದ ಬಿಸಿಲಿಗೆ ಪತ್ರಾ ಹಗಲೆಲ್ಲ ಕಾದು ಹಿಗ್ಗುವುದು, ಸಂಜೆ ತಣ್ಣಗಾಗಿ ಕುಗ್ಗುವುದು, ಟಣ್ ಟಣ್ ಎನ್ನುವುದು. ಹೊಸ ಪತ್ರಾ ಹಾಗೆಯೇ ಎಂದು ನಾನೇ ಎಲ್ಲರಿಗೂ ಹೇಳಿದೆ. ಪಕ್ಕದ ಸಿಮೆಂಟು ಆ ಎಳೆದಾಟಕ್ಕೆ ಕೂದಲೆಳೆಯಷ್ಟು ಬಿರುಕು ಬಿಡುತ್ತಿದೆ ಎಂಬುದು ಕೆಳಗಿದ್ದವರಿಗೆ ಕಾಣುವಂಥದ್ದಲ್ಲ.

ಮಿರಗ ಸಣ್ಣಗೆ ಬಂದು ಹೋಯಿತು. ಆಮೇಲೆ ಆರಿದ್ರಾ ಮಳೆ ಹಿಡಿಯಿತು. ಪತ್ರಾದ ಮೇಲೆ ಮಳೆ ಬಿದ್ದರೆ ಎದುರಿಗೆ ನಿಂತವರ ಮಾತು ಕೇಳಿಸದು. ಗಿರಾಕಿಗಳು ಕೂಗಿ ಕೂಗಿ ಎರಡು ಗೆರೆ, ನಾಲ್ಕು ಗೆರೆ ನೋಟಬುಕ್ಕು ಕೇಳುವರು. ಶಾಲೆ ಶುರುವಾದ ಹೊತ್ತು. ವರ್ಷದ ವ್ಯಾಪಾರವೆಲ್ಲ ಆ ಒಂದೂವರೆ ತಿಂಗಳಿನದು. ಅಟ್ಟದ ತುಂಬ, ನೆಲದ ತುಂಬ ಕಾಗದ. ಒಂದು ಹನಿ ಸೋರಲಿಲ್ಲ. ನಾನು ಬಂದವರಿಗೆಲ್ಲ ಛಾವಣಿ ತೋರಿಸಿ ತೋರಿಸಿ ಹೇಳಿಕೊಂಡೆ.

ಒಂದು ಮಧ್ಯಾಹ್ನ ದೊಡ್ಡ ಅಳತೆಯ ನೋಟಬುಕ್ಕಿನ ಕಟ್ಟು ತೆಗೆಯಲು ಅಟ್ಟಕ್ಕೆ ಏಣಿ ಹತ್ತಿದೆ. ನಮ್ಮ ನಡುಗೋಡೆ ಛಾವಣಿಯವರೆಗೆ ಹೋಗುವುದಿಲ್ಲ. ಮೇಲೆ ಗೇಣುದ್ದ ಸಂದು. ಬೆಕ್ಕು ಎರಡೂ ಅಂಗಡಿಗೆ ಅಲ್ಲಿಂದಲೇ ಓಡಾಡುತ್ತಿತ್ತು. ಕಟ್ಟಿನ ಹೆಸರು ಓದಲು ಮೊಬೈಲಿನ ಬ್ಯಾಟರಿ ದೀಪ ಹಾಕಿದವಳು, ಏಕೋ ಆ ಸಂದಿನಿಂದ ಆಚೆ ಬೆಳಕು ಬಿಟ್ಟೆ.

ಚಾಚಾನ ಕಡೆಯ ಗೋಡೆ ಮೇಲಿಂದ ಕೆಳಗಿನವರೆಗೆ ಕಪ್ಪಗೆ ಹೊಳೆಯುತ್ತಿತ್ತು. ಸಿಮೆಂಟಿನ ಪಟ್ಟಿಯ ಗುಂಟ ನೀರು ಇಳಿದು, ಗೋಡೆ ಹಿಡಿದು, ಸದ್ದಿಲ್ಲದೆ ಗಾದಿಗಳ ಬೆನ್ನ ಹಿಂದೆ ಹೋಗುತ್ತಿತ್ತು. ಗಾದಿಗಳ ಮೇಲೆ ಪ್ಲ್ಯಾಸ್ಟಿಕ್ಕು ಹೊದಿಸಿದ್ದರು, ಕೆಳಗೆ ಹಲಗೆ ಇತ್ತು. ಗೋಡೆಯ ಕಡೆ ಮಾತ್ರ ಏನೂ ಇರಲಿಲ್ಲ. ಬೆಳಕು ಗೋಡೆಯ ಮೇಲೆ ಆಡಿಸಿದೆ, ಗಾದಿಗಳ ಮೇಲೆ ಆಡಿಸಿದೆ. ಪರಶುರಾಮ ಹೇಳಿದ್ದು ಅಕ್ಷರ ಅಕ್ಷರ ನೆನಪಾಯಿತು. ಬ್ಯಾಟರಿ ಆರಿಸಿ ಕೆಳಗಿಳಿದೆ.

ಏಕೆ ಸುಮ್ಮನಾದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೇಳಿದರೆ ಅದೇ ಹೊತ್ತಿಗೆ ರಿಪೇರಿ ಮಾಡಿಸಬೇಕು. ರಿಪೇರಿ ಎಂದರೆ ಆ ಅಂಚಿನ ಎರಡು ಪತ್ರಾ ಬಿಚ್ಚಬೇಕು, ಕೆಳಗೆ ನನ್ನ ಅಷ್ಟೂ ಕಾಗದ. ನಡುವೆ ಮಳೆ ಬಂದರೆ ಏನು ಗತಿ ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಪರಶುರಾಮನ ಮುಂದೆ ನಿಂತು ನಿನ್ನ ಮಾತು ಖರೇ ಆಯಿತು ಎನ್ನಬೇಕಲ್ಲ ಎಂಬ ಸಂಕಟ. ಒಂದು ದಿನ ಬಿಸಿಲು ಬೀಳಲಿ, ಆಗ ಮಾಡಿಸೋಣ ಎಂದುಕೊಂಡೆ. ಅಲ್ಲಿಯವರೆಗೆ ಗಾದಿಯನ್ನಾದರೂ ಈಚೆ ಸರಿಸಿರಿ ಎಂದು ಹೇಳಬಹುದಿತ್ತು. ಅದಕ್ಕೆ ಒಂದು ಮಾತು ಸಾಕಿತ್ತು. ಅದನ್ನೂ ಹೇಳಲಿಲ್ಲ. ಹೇಳಿದರೆ ಏಕೆ ಎಂದು ಕೇಳುವರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಇವತ್ತು ಹೇಳಬೇಕು ಎಂದು ನಿಶ್ಚಯ ಮಾಡುವೆ, ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಗಿರಾಕಿಗಳು ಮುತ್ತುವರು, ಅಷ್ಟೇ ನೆವ ಸಾಕಾಗುವುದು.

ಬಿಸಿಲು ಬೀಳಲಿಲ್ಲ. ಆರಿದ್ರಾ ಮುಗಿದು ಪುನರ್ವಸು ಹಿಡಿಯಿತು. ಮಲಪ್ರಭೆ ಕೆಂಪಗೆ ತುಂಬಿ ಹರಿಯಿತು. ಜಾಂಬೋಟಿಯ ಕಡೆಯಿಂದ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತಿತ್ತು. ಚಾಚಾ ಎಂದಿನ ಹಾಗೆ ಒಳಗೆ ಕೂತು ಕೊನೆಯ ಮೂರು ಗಾದಿ ಹೊಲಿಯುತ್ತಿದ್ದರು, ನನಗೆ ಎಂದಿನ ಹಾಗೆ ಅರ್ಧ ಕಪ್ಪು ಚಹಾ ಕಳಿಸುತ್ತಿದ್ದರು. ಕುಡಿದೆ. ಅದನ್ನೂ ಕುಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಜುಲೈಯಲ್ಲಿ ಹಾಸ್ಟೆಲ್ಲಿನ ಟೆಂಪೋ ಬಂತು. ಮೊದಲ ಐದಾರು ಗಾದಿ ಹೊರಗೆ ತಂದಾಗ ಏನೂ ಕಾಣಲಿಲ್ಲ, ಅವು ಮುಂದಿನ ಸಾಲಿನವು. ಹಿಂದಿನ ಒಟ್ಟಿಲಿಗೆ ಕೈ ಹಾಕಿದವರು ಚಾಚಿ. ಮಳೆಯ ಸದ್ದಿನಲ್ಲೂ ಅವರ ಕೂಗು ನನಗೆ ಕೇಳಿತು. ಗಾದಿಗಳ ಒಂದು ಮಗ್ಗಲು ಪೂರ್ತಿ ತೊಯ್ದು ಹಸಿರು ಬೂಸರು ಹಿಡಿದಿತ್ತು. ಬಟ್ಟೆ ಹರಿದು ನೋಡಿದರೆ ಒಳಗಿನ ಅರಳೆ ಕರ್ರಗೆ ಗಂಟುಗಟ್ಟಿ ನಾರುತ್ತಿತ್ತು. ಅಂಥವು ಇಪ್ಪತ್ತಾರು. ಹಾಸ್ಟೆಲ್ಲಿನವರು ಕೆಟ್ಟವರಲ್ಲ. "ಮಕ್ಕಳು ಮಲಗೂವು ಅದಾವ್ರಿ, ಹ್ಯಾಂಗ ಒಯ್ಯೂದು? ನಾಳೆ ಮಕ್ಕಳು ಬರ್ತಾರ, ಕಾಯಾಕೂ ಬರಂಗಿಲ್ಲ," ಎಂದರು. ಅಲ್ಲಿಂದಲೇ ಬೆಳಗಾವಿಗೆ ಫೋನು ಮಾಡಿ ನಲವತ್ತಕ್ಕೂ ಫೋಮಿನವನ್ನೇ ಹೇಳಿದರು. ಚಾಚಾ ಕಟ್ಟೆಯ ಮೇಲೆ ಕೂತಿದ್ದರು. ಒಂದು ಗಾದಿಯನ್ನು ಮೊಳಕಾಲ ಮೇಲೆ ಎಳೆದುಕೊಂಡು, ತಾವೇ ಹಾಕಿದ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಅದೇ ಹೊತ್ತಿಗೆ ಪರಶುರಾಮನಿಗೆ ಹೇಳಿ ಕಳಿಸಿದೆ. ಮಾರನೆಯ ದಿನ ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ಅವನು ಇಬ್ಬರನ್ನು ಕರೆತಂದು, ಅಂಚಿನ ಪತ್ರಾ ಬಿಚ್ಚಿ, ಸಿಮೆಂಟು ಕೆತ್ತಿ ತೆಗೆದು, ಅಗಲವಾದ ಹೊಸ ಪತ್ರಾ ಎರಡು ಹಂಚು ದಾಟಿಸಿ ಚಾಚಾನ ಕಡೆ ಹೊದಿಸಿದ. ಚಾಚಾನನ್ನು ಕೇಳಿದ್ದಕ್ಕೆ, "ಹಾಕ್ರಿ ತಂಗಿ, ಅದಕ್ಕೇನ ಕೇಳ್ತೀರಿ," ಎಂದರು. ಎಲ್ಲ ಸೇರಿ ಎರಡು ತಾಸಿನ ಕೆಲಸ. ನನ್ನ ಒಂದು ನೋಟಬುಕ್ಕೂ ತೊಯ್ಯಲಿಲ್ಲ. ಪರಶುರಾಮ ಇಳಿದು ಬಂದ. ಕೈ ತೊಳೆದುಕೊಂಡು ಹೋದ. ಈಗ ಪ್ರತಿ ವರ್ಷ ಮಳೆಗೆ ಮೊದಲು ಅವನೇ ಬಂದು ಸ್ಕ್ರೂ ಬಿಗಿ ಮಾಡಿ, ಸವೆದ ರಬ್ಬರಿನ ಬಿಲ್ಲೆ ಬದಲಿಸಿ, ಎಲೆಕಸ ತೆಗೆದು ಹೋಗುತ್ತಾನೆ. ಆ ಛಾವಣಿಯಿಂದ ಮತ್ತೆ ಒಂದು ಹನಿ ಎಲ್ಲಿಯೂ ಇಳಿದಿಲ್ಲ. ಚಾಚಾ ಕೂರುತ್ತಿದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುವ ಅಂಗಡಿ ಇದೆ.

ಚಾಚಾ ದಸರೆಗೆ ಮೊದಲೇ ಅಂಗಡಿ ಖಾಲಿ ಮಾಡಿದರು. ಹಿಂಜುವ ಮಷೀನನ್ನು ಯಾರೋ ಗುಜರಿ ಕೊಳ್ಳುವ ಮೋಡಕಾದವರು ಒಯ್ದರು. ಬೆಳಗಾವಿಯ ರಾಮತೀರ್ಥ ನಗರದ ಕಡೆ ಸೋಫಾ ರಿಪೇರಿ ಅಂಗಡಿಯೊಂದರಲ್ಲಿ ಕೂಲಿಗೆ ಹೋಗುತ್ತೇನೆ ಎಂದರು. ಐವತ್ತು ವರ್ಷ ಸ್ವಂತ ಗಾದಿಯ ಮೇಲೆ ಕೂತ ಮನುಷ್ಯ. ನಮ್ಮ ಮನೆಯಿಂದ ಅದೇನು ದೂರವಲ್ಲ. ನಾನು ಒಂದು ದಿನವೂ ಹೋಗಿಲ್ಲ.

ಹೋಗುವ ದಿನ ನನ್ನ ಅಂಗಡಿಗೆ ಬಂದರು. ಕುಂದರ್ರಿ ಎಂದೆ, ಕೂರಲಿಲ್ಲ. ಆಚೆ ಚಾಚಿ ಗಂಟು ಕಟ್ಟಿಕೊಂಡು ಬಸ್ಸಿಗೆ ನಿಂತಿದ್ದರು. ನಾನು ಅದೂ ಇದೂ ಮಾತಾಡಿದೆ. ನನ್ನ ಪತ್ರಾದಿಂದಲೇ ಹೀಗಾಯಿತು, ನನ್ನನ್ನು ಕ್ಷಮಿಸಿರಿ ಎಂದೂ ಅಂದೆ. ಅಷ್ಟು ಮಾತ್ರ ಅಂದೆ.

"ಪತ್ರಾದ್ದು ತಪ್ಪಲ್ಲ ತಂಗಿ," ಎಂದರು ಚಾಚಾ. "ತಪ್ಪು ನಂದ ಐತಿ. ಮಳಿ ಹತ್ತಿದ ಮ್ಯಾಲ ಗಾದಿ ಸರಿಸಿ ಗೋಡಿ ನೋಡ್ರಿ ಅಂತ ನಮ್ಮಾಕಿ ನಾಕ ಸಲ ಅಂದ್ಲು. ನಾನೂ ನೋಡಾಕ ಎದ್ದಿದ್ದೆ. ಅಷ್ಟರಾಗ ನೀವು ಮ್ಯಾಲಿಂದ ಬ್ಯಾಟರಿ ಬಿಟ್ರಿ. ಬೆಳಕ ಗೋಡಿಗುಂಟ ಹೋತು, ಗಾದಿ ಮ್ಯಾಲ ಬಂತು, ಆರಿತು. ನೀವು ಏನೂ ಅನ್ನಲಿಲ್ಲ. ಗಿರಿಜಾ ತಂಗಿ ನೋಡ್ಯಾರ, ಏನರ ಇದ್ದಿದ್ರ ಅಂತಿದ್ರು ಅಂತ ಮತ್ತ ಕುಂತ ಬಿಟ್ಟೆ."

ಆಗಲಾದರೂ ಹೇಳಬೇಕಿತ್ತು. ನಾನು ಅಂದದ್ದು ಇಷ್ಟು: "ಕತ್ತಲಿತ್ತು ಚಾಚಾ. ನನಗೇನೂ ಕಾಣಲಿಲ್ಲ."

"ಹೌದ ಹೌದ," ಎಂದರು. "ಅಲ್ಲಿ ಕತ್ತಲನ ಇರತೈತಿ." ಬರ್ತೇನಿ ತಂಗಿ ಎಂದು ಕೈಮುಗಿದು ಬಸ್ಸಿನ ಕಡೆ ನಡೆದರು.

ಅವರು ಆ ಮಾತು ನಂಬಿದರೋ, ನನ್ನ ಮಾನ ಉಳಿಸಲು ನಂಬಿದ ಹಾಗೆ ಮಾಡಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕತ್ತಲಿರಲಿಲ್ಲ. ಬ್ಯಾಟರಿ ನನ್ನ ಕೈಯಲ್ಲಿತ್ತು, ಎಲ್ಲ ಕಂಡಿತ್ತು.